ಲೆಕ್ಕದ ಪುಸ್ತಕದಲ್ಲಿ ಬರೆಯದ ಮರಿಗಳು

ಮಲೆನಾಡಿನ ತೋಟದ ಮನೆಗಳಲ್ಲಿ ನಾಯಿ ಸಾಕಿರುವ ಎಲ್ಲರಿಗೂ,



ಅಡಿಕೆ ಸುಗ್ಗಿ ಮುಗಿಯುತ್ತ ಬಂತು. ಚಪ್ಪರದ ಮೇಲಿನ ಅಡಿಕೆ ಒಣಗಿ ಚೀಲ ಸೇರಿದ ಮೇಲೆ, ಮಳೆ ಹಿಡಿಯುವುದರೊಳಗೆ, ನಮಗೆಲ್ಲ ಒಂದೆರಡು ತಿಂಗಳು ಪುರುಸೊತ್ತು ಸಿಗುತ್ತದೆ. ಮದುವೆ, ಉಪನಯನ, ಮನೆಯ ಹಂಚು ಕೈಯಾಡಿಸುವುದು, ಸೌದೆ ಒಟ್ಟುವುದು ಎಲ್ಲ ಆ ದಿನಗಳಲ್ಲೇ. ಅದರಲ್ಲಿ ಒಂದು ದಿನವನ್ನು ನಿಮ್ಮ ಅಂಗಳದ ನಾಯಿಗಾಗಿ ಎತ್ತಿಡಿ ಎಂದು ಕೇಳುವುದಕ್ಕೆ ಈ ಪತ್ರ. ಅದಕ್ಕೆ ಸಂತಾನಹರಣದ ಆಪರೇಷನ್ ಮಾಡಿಸಿ. ಹೆಣ್ಣಾದರೂ ಸರಿ, ಗಂಡಾದರೂ ಸರಿ.

ಈ ಮಾತು ಹೇಳಲು ನನಗೇನು ಅಧಿಕಾರ ಎಂದು ಕೇಳಿದರೆ, ನಾನು ಪಶುವೈದ್ಯಳಲ್ಲ, ಯಾವ ಸಂಘದವಳೂ ಅಲ್ಲ. ನಿಮ್ಮಂತೆಯೇ ನಾಲ್ಕು ಎಕರೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು. ಮತ್ತು ಮೂರು ಸಲ ಗೋಣಿಚೀಲ ಹಿಡಿದವಳು.

ನಮ್ಮ ಮನೆಯಲ್ಲಿ ಬೆಳ್ಳಿ ಎಂಬ ನಾಯಿಯಿತ್ತು. ಎದೆಯ ಮೇಲೆ ಅಂಗೈಯಗಲ ಬಿಳಿ ಬಿಟ್ಟರೆ ಮೈಯೆಲ್ಲ ಕಪ್ಪು. ಮಂಗ ತೋಟಕ್ಕೆ ಇಳಿಯುವ ಮೊದಲೇ ಅದಕ್ಕೆ ಗೊತ್ತಾಗುತ್ತಿತ್ತು. ರಾತ್ರಿ ಹಂದಿ ಬಂದರೆ ಒಂದು ಬೊಗಳು, ಪರಿಚಯದವರು ಬಂದರೆ ಇನ್ನೊಂದು ಬೊಗಳು. ನಾಲ್ಕು ವರ್ಷದಲ್ಲಿ ಅದಕ್ಕೆ ಆರು ಸೂಲಾಯಿತು. ಒಟ್ಟು ಮೂವತ್ತೊಂದು ಮರಿ. ಹದಿನಾಲ್ಕು ಗಂಡು, ಹದಿನೇಳು ಹೆಣ್ಣು. ಆರು ಮರಿ ಕಣ್ಣು ಬಿಡುವ ಮುಂಚೆಯೋ ಭೇದಿ ಹಿಡಿದೋ ಸತ್ತವು. ಉಳಿದ ಗಂಡು ಮರಿ ಹನ್ನೆರಡಕ್ಕೂ ಮನೆ ಸಿಕ್ಕಿತು. ಕೆಲವರು ಹುಟ್ಟುವ ಮೊದಲೇ ಹೇಳಿಟ್ಟಿದ್ದರು. ಉಳಿದ ಹೆಣ್ಣು ಮರಿ ಹದಿಮೂರರಲ್ಲಿ ಮೂರನ್ನು ಮಾತ್ರ ಯಾರೋ ಒಯ್ದರು.

ಹತ್ತು ಮರಿ ಏನಾದವು ಎಂದು ನಿಮಗೆ ಹೇಳಬೇಕಿಲ್ಲ. ನಿಮ್ಮಲ್ಲಿ ಹಲವರ ಮನೆಯಲ್ಲೂ ಹಾಗೆಯೇ ಆಗಿದೆ. ನಲವತ್ತು ದಿನ ತುಂಬಿದ ಮೇಲೆ, ತಾಯಿ ತೋಟದ ಕಡೆ ಹೋದ ಹೊತ್ತು ನೋಡಿ, ಗೋಣಿಚೀಲಕ್ಕೆ ತುಂಬಿ, ಪೇಟೆಗೆ ಹೋಗುವ ಜೀಪಿನಲ್ಲಿ ಇಟ್ಟುಕೊಂಡು, ಮೀನು ಮಾರ್ಕೆಟ್ಟಿನ ಹಿಂದೆಯೋ ಬಸ್ ಸ್ಟ್ಯಾಂಡಿನ ಪಕ್ಕದಲ್ಲೋ ಬಿಟ್ಟು ಬರುವುದು. "ಅಲ್ಲಿ ಯಾರಾದರೂ ಬನ್ನು ಹಾಕ್ತಾರೆ, ಹೇಗೋ ಬದುಕ್ಕೊಳ್ತಾವೆ" ಎನ್ನುವುದು. ಆಗ ನನಗೆ ಹದಿನಾರು ವರ್ಷ. ಜೀಪಿನ ಹಿಂದಿನ ಸೀಟಿನಲ್ಲಿ ಚೀಲದ ಬಾಯಿ ಹಿಡಿದು ಕೂರುವ ಕೆಲಸ ನನ್ನದು. ಚೀಲದೊಳಗೆ ಬೆಚ್ಚಗಿರುತ್ತಿತ್ತು. ಮರಿಗಳು ನನ್ನ ಕೈಯನ್ನು ಗೋಣಿಯ ಎಳೆಗಳ ಸಂದಿಯಿಂದ ನೆಕ್ಕುತ್ತಿದ್ದವು. ಮನೆಗೆ ಬಂದರೆ ಬೆಳ್ಳಿ ಸೌದೆ ಕೊಟ್ಟಿಗೆಯ ಮೂಲೆ ಮೂಲೆ ಮೂಸಿ, ನಂತರ ನನ್ನ ಕೈ ಮೂಸುತ್ತಿತ್ತು.

ಕಳೆದ ವರ್ಷ ಹಳೆಯ ಪೆಟ್ಟಿಗೆ ಖಾಲಿ ಮಾಡುವಾಗ ಅಪ್ಪನ ಲೆಕ್ಕದ ಪುಸ್ತಕಗಳು ಸಿಕ್ಕವು. ಮೈಲುತುತ್ತಕ್ಕೆ ಎಷ್ಟು, ಕೊನೆಗೌಡರ ಕೂಲಿ ಎಷ್ಟು, ಹಿಂಡಿ ಎಷ್ಟು ಮೂಟೆ, ಎಮ್ಮೆ ಯಾವ ದಿನ ಕರು ಹಾಕಿತು, ಎಲ್ಲ ಇದೆ. ಕರುಗಳ ಹುಟ್ಟು, ಸಾವು, ಮಾರಾಟ ಎಲ್ಲಕ್ಕೂ ತಾರೀಖು ಇದೆ. ಬೆಳ್ಳಿಯ ಮೂವತ್ತೊಂದು ಮರಿಗಳ ಬಗ್ಗೆ ಒಂದು ಸಾಲೂ ಇಲ್ಲ. ಅಪ್ಪ ಕಠಿಣ ಮನಸ್ಸಿನವರಲ್ಲ. ಬೆಳ್ಳಿಗೆ ಅನ್ನ ಹಾಕದೆ ತಾವು ಊಟಕ್ಕೆ ಕೂತವರಲ್ಲ. ಬರೆಯುವುದಕ್ಕೆ ಯೋಗ್ಯವಾದ ಖರ್ಚು ಎಂದು ಯಾರಿಗೂ ಅನ್ನಿಸಲಿಲ್ಲ, ಅಷ್ಟೇ. ನನ್ನ ಮಾತೆಲ್ಲ ಆ ಬರೆಯದ ಸಾಲಿನ ಬಗ್ಗೆ. ಆಪರೇಷನ್ನಿಗೆ ಬಿಲ್ಲು ಬರುತ್ತದೆ, ಆದ್ದರಿಂದ ಅದು ದುಬಾರಿಯಾಗಿ ಕಾಣುತ್ತದೆ. ಮಾಡಿಸದೆ ಇದ್ದದ್ದಕ್ಕೆ ಬಿಲ್ಲು ಬರುವುದಿಲ್ಲ. ಅದನ್ನು ಮರಿಗಳು ತೀರಿಸುತ್ತವೆ, ತಾಯಿ ತೀರಿಸುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಕಚ್ಚಿಸಿಕೊಂಡ ಶಾಲೆಯ ಹುಡುಗ ತೀರಿಸುತ್ತಾನೆ.

ಈಗ ಬಿಲ್ಲಿನ ಮಾತು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಬೆಳ್ಳಿಯ ನಂತರ ನಮ್ಮ ಮನೆಗೆ ಬಂದದ್ದು ಚಿನ್ನಿ. ಯಾರೋ ರಸ್ತೆ ತಿರುವಿನಲ್ಲಿ ಬಿಟ್ಟು ಹೋದ ಹೆಣ್ಣು ಮರಿ. ಅದಕ್ಕೆ ಒಂಬತ್ತು ತಿಂಗಳಾದಾಗ ಶಿವಮೊಗ್ಗದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಆಪರೇಷನ್ ಮಾಡಿಸಿದೆ. ರಕ್ತ ಪರೀಕ್ಷೆಗೆ 1,400 ರೂಪಾಯಿ. ಅರಿವಳಿಕೆ ಸೇರಿ ಆಪರೇಷನ್ನಿಗೆ 7,500. ಇಂಜೆಕ್ಷನ್, ನೋವಿನ ಮಾತ್ರೆಗೆ 1,150. ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಕೋನ್‌ಗೆ 350. ಹೊಲಿಗೆ ನೋಡಿಸಲು ಎರಡು ಸಲ ಹೋದದ್ದಕ್ಕೆ 600. ಬಾಡಿಗೆ ವ್ಯಾನಿಗೆ ಮೂರು ಸಲ ಸೇರಿ 3,600. ಒಟ್ಟು 14,600 ರೂಪಾಯಿ. ಇದು ನನ್ನ ಒಂದು ನಾಯಿಯ ಲೆಕ್ಕ. ನಾಯಿಯ ತೂಕ ಹೆಚ್ಚಿದರೆ ಔಷಧಿಯೂ ಹೆಚ್ಚು. ಇಂಜೆಕ್ಷನ್ನಿನ ಅರಿವಳಿಕೆಗಿಂತ ಗ್ಯಾಸಿನ ಅರಿವಳಿಕೆಗೆ ಖರ್ಚು ಜಾಸ್ತಿ. ಹೆಣ್ಣಿನ ಹೊಟ್ಟೆ ತೆರೆದು ಅಂಡಾಶಯ, ಗರ್ಭಕೋಶ ತೆಗೆಯಬೇಕು. ಗಂಡಿಗೆ ಹೊಟ್ಟೆ ತೆರೆಯುವ ಕೆಲಸವಿಲ್ಲ, ಬೀಜ ಮಾತ್ರ ತೆಗೆಯುತ್ತಾರೆ. ಹಾಗಾಗಿ ಗಂಡಿಗೆ ಖರ್ಚೂ ಕಡಿಮೆ, ಗಾಯ ಮಾಯುವುದೂ ಬೇಗ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮಾಡಿಸಿದರೆ ಶುಲ್ಕ ಬಹಳ ಕಡಿಮೆ. ಆಪರೇಷನ್ ಮಾಡುವ ವೈದ್ಯರು, ಸಹಾಯಕರು, ಔಷಧಿ ಎಲ್ಲ ಸಿಗುವ ದಿನ ಯಾವುದೆಂದು ಮೊದಲೇ ಕೇಳಿಕೊಂಡು ಹೋಗಬೇಕಾಗುತ್ತದೆ.

ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ನಾಲ್ಕು ನಾಯಿ ಇರುವ ಮನೆಗಂತೂ ಎದೆ ಧಸಕ್ ಎನ್ನುತ್ತದೆ. ಆದರೆ ಪಕ್ಕದಲ್ಲೇ ಇನ್ನೊಂದು ಸಾಲನ್ನೂ ಬರೆಯಿರಿ. ಒಂದು ಸೂಲಿಗೆ ಆರು ಮರಿ ಎಂದಿಟ್ಟುಕೊಳ್ಳಿ. ತಾಯಿಗೆ ಎರಡು ತಿಂಗಳು ಎರಡರಷ್ಟು ಅನ್ನ. ಮೂರು ವಾರ ಕಳೆದ ಮೇಲೆ ಮರಿಗಳಿಗೆ ದಿನವೂ ಹಾಲು. ಜಂತಿನ ಔಷಧಿ. ಒಂದು ಮರಿಗೆ ಪಾರ್ವೊ ಭೇದಿ ಹಿಡಿದರೆ ದಿನಾ ಡ್ರಿಪ್ಪು, ದಿನಾ ಪೇಟೆ. ಒಂದಕ್ಕೆ ಹಿಡಿದರೆ ಉಳಿದವಕ್ಕೂ ಹಿಡಿಯುವುದೇ ಹೆಚ್ಚು. ಹೆಣ್ಣು ನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಸುಮಾರು ಅರವತ್ತಮೂರು ದಿನ ಗರ್ಭ ಹೊರುತ್ತದೆ. ಅಂದರೆ ಈ ಲೆಕ್ಕ ವರ್ಷಕ್ಕೆ ಎರಡು ಸಲ ಬರಬಹುದು. ಆಪರೇಷನ್ನಿನ ಲೆಕ್ಕ ನಾಯಿಯ ಆಯುಷ್ಯದಲ್ಲಿ ಒಂದೇ ಸಲ.

ಇನ್ನು ಬೆಳ್ಳಿಯ ಕೊನೆಯ ಲೆಕ್ಕ. ಅದಕ್ಕೆ ಎಂಟು ವರ್ಷ ಆದಾಗ, ಬೆದೆ ಮುಗಿದು ಒಂದೂವರೆ ತಿಂಗಳಾಗಿತ್ತು. ಆಷಾಢದ ಮಳೆ. ನಾಯಿ ಇದ್ದಕ್ಕಿದ್ದಂತೆ ಬಾನಿಯ ನೀರನ್ನು ಎಮ್ಮೆಯಂತೆ ಕುಡಿಯತೊಡಗಿತು. ಅನ್ನ ಬಿಟ್ಟಿತು. "ಮಳೆಗಾಲ, ಶೀತ ಆಗಿರಬೇಕು" ಎಂದುಕೊಂಡೆವು. ಕಷಾಯ ಕುಡಿಸಿದೆವು. ಆರನೇ ದಿನ ಹೊಟ್ಟೆ ಉಬ್ಬಿ, ಎದ್ದು ನಿಲ್ಲಲಾಗದೆ ಇದ್ದಾಗ ಜೀಪು ಮಾಡಿಸಿ ಹೊರಟೆವು. ಗರ್ಭಕೋಶದ ತುಂಬ ಕೀವು. ಪಯೋಮೆಟ್ರಾ ಎನ್ನುತ್ತಾರೆ ಅದನ್ನು. ಬೆದೆಯ ನಂತರದ ವಾರಗಳಲ್ಲಿ, ವಯಸ್ಸಾದ, ಆಪರೇಷನ್ ಆಗದ ಹೆಣ್ಣು ನಾಯಿಗಳಿಗೆ ಬರುವ ಕಾಯಿಲೆ. ಕೆಲವಕ್ಕೆ ಕೀವು ಹೊರಗೆ ಸುರಿಯುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಏನೂ ಕಾಣುವುದಿಲ್ಲ, ಅದೇ ಹೆಚ್ಚು ಅಪಾಯ. ಅದಕ್ಕಿರುವ ಮುಖ್ಯ ಚಿಕಿತ್ಸೆ ಎಂದರೆ ಗರ್ಭಕೋಶ ತೆಗೆಯುವ ಅದೇ ಆಪರೇಷನ್. ಆದರೆ ಒಂಬತ್ತು ತಿಂಗಳ ಗಟ್ಟಿ ಮರಿಯ ಮೇಲೆ ಮಾಡುವುದಕ್ಕೂ, ಮೈಗೆಲ್ಲ ನಂಜೇರಿದ ಮುದಿ ನಾಯಿಯ ಮೇಲೆ ಮಾಡುವುದಕ್ಕೂ ಭೂಮಿ ಆಕಾಶದಷ್ಟು ಅಂತರ. ಖರ್ಚು 26,000 ದಾಟಿತು. ಎರಡನೇ ದಿನ ಬೆಳ್ಳಿ ಸತ್ತಿತು. ವೈದ್ಯರು ತಮ್ಮಿಂದ ಆದದ್ದನ್ನೆಲ್ಲ ಮಾಡಿದರು. ತಡ ಮಾಡಿದವರು ನಾವು. ಆರು ದಿನವಲ್ಲ, ಏಳು ವರ್ಷ ತಡ ಮಾಡಿದ್ದೆವು.

ಹೆಣ್ಣು ನಾಯಿಯ ಮೊಲೆಯಲ್ಲಿ ಬರುವ ಗಡ್ಡೆಯ ವಿಷಯವೂ ಹೀಗೆಯೇ. ಮೊದಲ ಬೆದೆಗೆ ಮುಂಚೆಯೋ, ಎರಡನೆಯದಕ್ಕೆ ಮುಂಚೆಯೋ ಆಪರೇಷನ್ ಆದ ನಾಯಿಗಳಲ್ಲಿ ಅದು ಕಡಿಮೆ ಎಂದು ಪಶುವೈದ್ಯರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಬೆದೆಗಳು ಕಳೆದಂತೆ ಆ ರಕ್ಷಣೆಯೂ ಕರಗುತ್ತ ಹೋಗುತ್ತದೆ.

ನೀವು ಹೇಳುವ ಮಾತುಗಳು ನನಗೆ ಗೊತ್ತು. ನಾನೂ ಅವನ್ನೇ ಹೇಳಿಕೊಂಡು ಬೆಳೆದವಳು. ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

"ಆಪರೇಷನ್ ಆದ ನಾಯಿ ಸೋಮಾರಿಯಾಗುತ್ತೆ, ಕಾವಲು ಕಾಯಲ್ಲ." ನಮ್ಮ ಅಜ್ಜಂದಿರ ಗದ್ದೆಗಳನ್ನೆಲ್ಲ ಉತ್ತದ್ದು ಯಾವುದು? ಬೀಜ ಒಡೆಸಿದ ಎತ್ತುಗಳು. ಅವನ್ನು ಯಾರೂ ಸೋಮಾರಿ ಎನ್ನಲಿಲ್ಲ. ನಾಯಿ ತನ್ನ ಅಂಗಳ ಕಾಯುವುದು ಮನೆಯ ಮೇಲಿನ ಮೋಹದಿಂದ, ಹುಟ್ಟಿನಿಂದ ಬಂದ ಗುಣದಿಂದ. ಚಿನ್ನಿ ಇಂದಿಗೂ ದಣಪೆಯಾಚೆ ಹೆಜ್ಜೆ ಸದ್ದಾದರೆ ಸಾಕು, ಎದ್ದು ನಿಲ್ಲುತ್ತದೆ. ಒಂದು ಮಾತು ಮಾತ್ರ ನಿಜ: ಆಪರೇಷನ್ ಆದ ಮೇಲೆ ನಾಯಿಗೆ ಬೇಕಾಗುವ ಆಹಾರ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಮೊದಲಿನಷ್ಟೇ ಅನ್ನ ಹಾಕುತ್ತ ಹೋದರೆ ಅದು ದಪ್ಪಗಾಗುತ್ತದೆ, ದಪ್ಪಗಾದ ಮೇಲೆ ಓಡುವುದಿಲ್ಲ. ಅನ್ನದ ತಟ್ಟೆಯಿಂದ ಸುಮಾರು ಕಾಲು ಪಾಲು ಕಡಿಮೆ ಮಾಡಿ, ದಿನವೂ ತೋಟಕ್ಕೆ ಕರೆದೊಯ್ಯಿರಿ.

"ಪಾಪ, ಒಂದು ಸೂಲಾದರೂ ಆಗಲಿ." ಈ ಮಾತು ಕರುಣೆಯಿಂದ ಬರುತ್ತದೆ, ಗೊತ್ತು. ಆದರೆ ಒಂದು ಸಲ ಮರಿ ಹಾಕಿದರೆ ನಾಯಿಯ ಆರೋಗ್ಯಕ್ಕೆ ಒಳ್ಳೆಯದು ಎನ್ನುವುದಕ್ಕೆ ಆಧಾರವಿಲ್ಲ. ತಾಯಿಯಾಗಲಿಲ್ಲ ಎಂದು ನಾಯಿ ಕೊರಗುವುದಿಲ್ಲ. ಆ ಕೊರಗು ನಮ್ಮದು. ಮರಿಗಳನ್ನು ಹುಡುಕಿಕೊಂಡು ಮೂರು ದಿನ ಸೌದೆ ಕೊಟ್ಟಿಗೆ ಸುತ್ತಿದ ಬೆಳ್ಳಿಯ ಕೊರಗು ಮಾತ್ರ ನಾನು ಕಣ್ಣಾರೆ ಕಂಡದ್ದು.

"ಚಿರತೆ ಯಾವಾಗ ಹೊತ್ತೊಯ್ಯುತ್ತೋ, ಮರಿ ಇರಬೇಕು." ನಮ್ಮ ಸೀಮೆಯಲ್ಲಿ ಇದು ಹುಸಿ ಭಯವಲ್ಲ. ಆದರೆ ಚಿರತೆಗೆ ಸಿಗುವುದು ರಾತ್ರಿ ಹೊರಗೆ ಅಲೆಯುವ, ಹೊರಗೆ ಕಟ್ಟಿದ ನಾಯಿ. ಗಂಡು ನಾಯಿ ಬೆದೆಯ ವಾಸನೆ ಹಿಡಿದು ಎರಡು ಗುಡ್ಡ ದಾಟಿ ಹೋಗುತ್ತದೆ. ಬೆದೆಗೆ ಬಂದ ಹೆಣ್ಣಿನ ಹಿಂದೆ ಏಳೆಂಟು ಗಂಡು ಕಚ್ಚಾಡಿಕೊಂಡು ಕಾಡಂಚಿನಲ್ಲೇ ವಾರಗಟ್ಟಲೆ ತಿರುಗುತ್ತವೆ. ಆಪರೇಷನ್ ಆದ ನಾಯಿ ಆ ಅಲೆತವನ್ನು ಬಹುಮಟ್ಟಿಗೆ ಬಿಡುತ್ತದೆ. ರಾತ್ರಿ ಅದನ್ನು ಕೊಟ್ಟಿಗೆಯ ಒಳಗೆ ಬಾಗಿಲು ಹಾಕಿ ಮಲಗಿಸಿ. ಅಷ್ಟಾಗಿಯೂ ಚಿರತೆ ಒಯ್ದರೆ, ಮರಿಗೆ ಬರವಿಲ್ಲ. ಯಾವ ಬಸ್ ಸ್ಟ್ಯಾಂಡಿಗೆ ಹೋದರೂ ಒಂದು ಹೆಣ್ಣು ಮರಿ ಬಾಲ ಅಲ್ಲಾಡಿಸಿಕೊಂಡು ನಿಂತಿರುತ್ತದೆ.

"ಇಂಜೆಕ್ಷನ್ ಹಾಕಿಸಿದರೆ ಸಾಲದೆ?" ಬೆದೆ ತಡೆಯುವ ಹಾರ್ಮೋನ್ ಇಂಜೆಕ್ಷನ್ ಅಗ್ಗ, ನಿಜ. ಆದರೆ ಬೆಳ್ಳಿಯನ್ನು ಕೊಂದ ಗರ್ಭಕೋಶದ ಕೀವು, ಮೊಲೆಯ ಗಡ್ಡೆ ಎರಡರ ಅಪಾಯವನ್ನೂ ಅದು ಹೆಚ್ಚಿಸುತ್ತದೆ. ಉಳಿಸಿದ ದುಡ್ಡು ಆಮೇಲೆ ಬಡ್ಡಿ ಸಮೇತ ಹೋಗುತ್ತದೆ.

"ದೇವರು ಕೊಟ್ಟದ್ದನ್ನು ಕತ್ತರಿಸುವುದು ಪಾಪ." ಇದಕ್ಕೆ ನನ್ನಲ್ಲಿ ವಾದವಿಲ್ಲ. ಗೋಣಿಚೀಲ ಹಿಡಿದ ಕೈಗೆ ಅಂಟಿದ್ದು ಪಾಪವಲ್ಲದಿದ್ದರೆ ಇನ್ನು ಯಾವುದೂ ಪಾಪವಲ್ಲ ಎಂದಷ್ಟೇ ಹೇಳಬಲ್ಲೆ.

"ಗಂಡಿಗೆ ಯಾಕೆ? ಅದು ಮರಿ ಹಾಕುತ್ತಾ?" ಎಲ್ಲರೂ ಕೇಳುವ ಪ್ರಶ್ನೆ ಇದು. ಹೆಣ್ಣು ನಾಯಿ ಬೆದೆಗೊಮ್ಮೆ ಮರಿ ಹಾಕುತ್ತದೆ. ಗಂಡು ನಾಯಿ ಒಂದೇ ಮಳೆಗಾಲದಲ್ಲಿ ಮೂರು ಊರಿನ ಸೌದೆ ಕೊಟ್ಟಿಗೆಗಳನ್ನು ತುಂಬಿಸಿ ಬರಬಹುದು. ಇನ್ನೊಂದು ಮಾತು ನಮ್ಮ ಗಂಡಸರು ಹೇಳಲು ನಾಚುತ್ತಾರೆ, ನಾನು ಹೇಳುತ್ತೇನೆ. ಅಡ್ಡಾಡುವ ಗಂಡು ನಾಯಿಯ ಜನನಾಂಗದಿಂದ ರಕ್ತ ತೊಟ್ಟಿಕ್ಕುವುದನ್ನು, ಅಲ್ಲಿ ಹೂಕೋಸಿನಂಥ ಗಡ್ಡೆಯನ್ನು ನೀವು ಕಂಡಿರುತ್ತೀರಿ. ಅದು ನಾಯಿಯಿಂದ ನಾಯಿಗೆ, ಹೆಚ್ಚಾಗಿ ಕೂಡುವಾಗ ದಾಟುವ ಒಂದು ಬಗೆಯ ಕ್ಯಾನ್ಸರ್. ಟಿವಿಟಿ ಎನ್ನುತ್ತಾರೆ. ವಾರಕ್ಕೊಂದರಂತೆ ವಿನ್‌ಕ್ರಿಸ್ಟೀನ್ ಎಂಬ ಕ್ಯಾನ್ಸರ್ ಔಷಧಿಯ ಇಂಜೆಕ್ಷನ್ ಕೊಡಿಸಿದರೆ ಹೆಚ್ಚಿನವು ವಾಸಿಯಾಗುತ್ತವೆ. ಆದರೆ ಪ್ರತಿ ವಾರ ಪೇಟೆಗೆ ಹೋಗುವವರು ಯಾರು? ಅಲೆಯದ, ಕೂಡದ ನಾಯಿಗೆ ಅದು ಅಂಟುವ ಸಂಭವ ತೀರಾ ಕಡಿಮೆ. ಒಂದು ಬೀಜ ಇಳಿಯದೆ ಹೊಟ್ಟೆಯೊಳಗೇ ಉಳಿದ ಗಂಡು ನಾಯಿಗಳಿದ್ದರಂತೂ ತಡ ಮಾಡಬೇಡಿ. ಒಳಗುಳಿದ ಬೀಜದಲ್ಲಿ ಗಡ್ಡೆಯಾಗುವ ಅಪಾಯ ಹೆಚ್ಚು. ಗಂಡಿಗೆ ಆಪರೇಷನ್ ಆದ ಮಾರನೆಯ ದಿನವೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಮೊದಲೇ ಉತ್ಪತ್ತಿಯಾದ ವೀರ್ಯ ಕೆಲವು ವಾರ ಒಳಗೆ ಉಳಿದಿರುತ್ತದೆ, ಒಂದು ತಿಂಗಳಾದರೂ ಬೆದೆಯ ಹೆಣ್ಣಿನಿಂದ ದೂರವಿಡಿ. ಕಚ್ಚುವ ನಾಯಿಯ ಕಚ್ಚುವ ಚಟ ಇದರಿಂದ ಹೋಗುತ್ತದೆ ಎಂದೂ ನಂಬಬೇಡಿ. ಹೆಣ್ಣಿಗಾಗಿ ಕಾದಾಡುವುದು, ಊರೂರು ಸುತ್ತುವುದು ಕಡಿಮೆಯಾಗಬಹುದು. ಹೆದರಿಕೆಯಿಂದ ಕಚ್ಚುವ ನಾಯಿಯ ಹೆದರಿಕೆ ಕತ್ತರಿಯಿಂದ ಹೋಗುವುದಿಲ್ಲ.

ಆಪರೇಷನ್ನಿನಲ್ಲಿ ಅಪಾಯವೇ ಇಲ್ಲ ಎಂದು ಹೇಳಿದರೆ ನಾನು ನಿಮಗೆ ಸುಳ್ಳು ಹೇಳಿದಂತೆ. ಅರಿವಳಿಕೆ ಎಂದ ಮೇಲೆ ಸಣ್ಣದಾದರೂ ಅಪಾಯ ಇದ್ದೇ ಇದೆ. ನಮ್ಮ ಕಡೆಗೆ ಅದರಲ್ಲೊಂದು ವಿಶೇಷ ಸೇರುತ್ತದೆ: ಉಣುಗು. ಕಾಡಂಚಿನ ನಾಯಿಗಳ ಕಿವಿ, ಬೆರಳಸಂದಿ ತುಂಬ ಉಣುಗು. ಉಣುಗು ಹರಡುವ ಜ್ವರಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿದಿರುತ್ತದೆ. ಮೇಲ್ನೋಟಕ್ಕೆ ನಾಯಿ ಗಟ್ಟಿಯಾಗಿಯೇ ಕಾಣುತ್ತದೆ. ಹೊಟ್ಟೆ ತೆರೆದ ಮೇಲೆ ರಕ್ತ ನಿಲ್ಲುವುದಿಲ್ಲ. ಆದ್ದರಿಂದ 1,400 ರೂಪಾಯಿಯ ರಕ್ತ ಪರೀಕ್ಷೆಯನ್ನು ದಯವಿಟ್ಟು ಉಳಿತಾಯದ ಬಾಬತ್ತು ಎಂದು ನೋಡಬೇಡಿ. ಬೇರೆ ಎಲ್ಲಿ ಬೇಕಾದರೂ ಕಡಿಮೆ ಮಾಡಿ, ಅಲ್ಲಿ ಬೇಡ. ಮುಧೋಳದಂಥ ತೆಳು ಮೈಯ ಬೇಟೆನಾಯಿ ಸಾಕಿದವರು ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ಜಾತಿಯ ನಾಯಿಗಳು ಕೆಲವು ಅರಿವಳಿಕೆಗಳಿಂದ ಎಚ್ಚರಗೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ.

ವಯಸ್ಸಿನ ಮಾತನ್ನೂ ತೂಗಿ ನೋಡಬೇಕು. ನಮ್ಮ ನಾಟಿ ನಾಯಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಮಾಡಿಸುವುದು ರೂಢಿ. ಆದರೆ ಎಸ್ಟೇಟುಗಳಲ್ಲಿ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಸಾಕಿರುವವರು ಅವಸರ ಮಾಡಬೇಡಿ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಗೋಲ್ಡನ್ ರಿಟ್ರೀವರ್ ಬಗ್ಗೆ, 2020ರಲ್ಲಿ ಮೂವತ್ತೈದು ತಳಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನಗಳು ಇದನ್ನೇ ಹೇಳಿದವು. ಕೆಲವು ದೊಡ್ಡ ತಳಿಗಳಲ್ಲಿ ಒಂದು ವರ್ಷದೊಳಗೆ ಆಪರೇಷನ್ ಮಾಡಿದರೆ ಕೀಲುಗಳ ತೊಂದರೆ ಹೆಚ್ಚು ಕಾಣಿಸುತ್ತದೆ, ಚಿಕ್ಕ ತಳಿಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಮೂಳೆ ಬೆಳೆದು ನಿಲ್ಲುವವರೆಗೆ ಆ ಹಾರ್ಮೋನುಗಳ ಕೆಲಸ ಇರುತ್ತದೆ. ಹಾಗೆ ಕಾಯುವವರು ಅಷ್ಟು ದಿನ ನಾಯಿಯನ್ನು ಬೇಲಿಯೊಳಗೆ ಕಾಯಲೂ ಸಿದ್ಧರಿರಬೇಕು. ಕೆಲವು ಹೆಣ್ಣು ನಾಯಿಗಳಿಗೆ, ಅದರಲ್ಲೂ ದೊಡ್ಡ ಮೈಯವಕ್ಕೆ, ವಯಸ್ಸಾದಂತೆ ಮಲಗಿದಲ್ಲೇ ಮೂತ್ರ ಸೋರುವುದುಂಟು. ಔಷಧಿಯಿದೆ, ಆದರೆ ಹಾಗಾಗಬಹುದು ಎಂದು ತಿಳಿದಿರಬೇಕು.

ಬೆದೆಯಲ್ಲಿರುವಾಗ ಮಾಡಿಸಬೇಡಿ, ಆಗ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ. ಬೆದೆ ಮುಗಿದು ಎರಡು ಮೂರು ತಿಂಗಳು ಕಳೆಯಲಿ. ಮರಿ ಹಾಕಿದ್ದರೆ ಮರಿಗಳು ಹಾಲು ಬಿಟ್ಟು, ತಾಯಿಯ ಕೆಚ್ಚಲು ಒಣಗಲಿ. ರೇಬೀಸ್ ಮತ್ತು ಇತರ ಲಸಿಕೆಗಳು ಮೊದಲೇ ಆಗಿರಲಿ. ಹಿಂದಿನ ರಾತ್ರಿಯ ನಂತರ ಅನ್ನ ಹಾಕಬೇಡಿ. ನೀರಿನ ಬಗ್ಗೆ ವೈದ್ಯರು ಹೇಳಿದಂತೆ ಮಾಡಿ. ಮನೆಗೆ ಬಂದ ಮೇಲೆ ಹತ್ತರಿಂದ ಹದಿನಾಲ್ಕು ದಿನ, ಹೊಲಿಗೆ ಬಿಚ್ಚುವವರೆಗೆ, ಸ್ನಾನವಿಲ್ಲ, ಓಟವಿಲ್ಲ, ಕೋನ್ ತೆಗೆಯುವಂತಿಲ್ಲ. ಅದರ ಕಣ್ಣು ನೋಡಿ ಕರಗಿ ಕೋನ್ ತೆಗೆದಿರೋ, ಒಂದೇ ರಾತ್ರಿಯಲ್ಲಿ ಹೊಲಿಗೆ ಬಿಚ್ಚಿಕೊಂಡಿರುತ್ತದೆ. ಮಳೆಗಾಲದಲ್ಲಿ ಬೇಡ ಎನ್ನುವುದೂ ಇದೇ ಕಾರಣಕ್ಕೆ. ನಮ್ಮ ಮಳೆಯಲ್ಲಿ ಒದ್ದೆ ಗೋಣಿಯ ಮೇಲೆ ಮಲಗಿದ ನಾಯಿಯ ಗಾಯ ಒಣಗುವುದಿಲ್ಲ, ನೊಣ ಕೂತು ಹುಳು ಬೀಳುತ್ತದೆ. ಸುಗ್ಗಿ ಮುಗಿದ ಮೇಲೆ, ಮಳೆಗೆ ಮುಂಚೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಆಪರೇಷನ್ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹಾಕಿವೆ. ಸಾಕಿದ ನಾಯಿಯ ಜಂತಿನ ಔಷಧಿ, ಲಸಿಕೆ, ಸಂತಾನಹರಣ ಮೂರೂ ಸಾಕಿದವರದೇ ಹೊಣೆ ಎಂದು ಅದೇ ನಿಯಮಗಳು ಹೇಳುತ್ತವೆ. ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ತೊರೆದು ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆ ಬರೆದಿಟ್ಟ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಚೀಲ ಮರಿಗಳ ಬೆಲೆ ಕಾನೂನಿನಲ್ಲೂ ಅಷ್ಟೇ ಇದೆ. ಅದಕ್ಕೆ ತಕ್ಕ ಬೆಲೆ ಕಟ್ಟುವ ಕೆಲಸ ನಮ್ಮ ಮನಸ್ಸಿನದೇ.

"ಬಸ್ ಸ್ಟ್ಯಾಂಡಿನಲ್ಲಿ ಬದುಕ್ಕೊಳ್ತಾವೆ" ಎಂಬ ಸಮಾಧಾನವೂ ಈಗ ಉಳಿದಿಲ್ಲ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಆಪರೇಷನ್ ಆದ, ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕು ಎಂದಿತು. ರೇಬೀಸ್ ತಗುಲಿದವನ್ನೂ ಆಕ್ರಮಣಕಾರಿಯಾದವನ್ನೂ ಹೊರಗಿಟ್ಟಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆದು ಆಶ್ರಯ ಕೇಂದ್ರಗಳಿಗೆ ಸಾಗಿಸಬೇಕು, ಹಿಡಿದ ಜಾಗಕ್ಕೆ ಮರಳಿ ಬಿಡಬಾರದು ಎಂದು ಆದೇಶಿಸಿತು. ಆ ಆದೇಶಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಬೀದಿನಾಯಿಯ ಗಲಾಟೆ ಪೇಟೆಯವರದು ಎಂದು ನಾವು ದೂರ ನಿಲ್ಲುವಂತಿಲ್ಲ. ಪೇಟೆಯ ಎಷ್ಟೋ ಬೀದಿನಾಯಿಗಳ ಅಜ್ಜಿ ನಮ್ಮ ಸೌದೆ ಕೊಟ್ಟಿಗೆಯಲ್ಲಿ ಹುಟ್ಟಿದವಳು.

ಇಷ್ಟು ಹೇಳಿದ ಮೇಲೆ, ಮಾಡುವುದು ಏನು?

ಒಂಟಿಯಾಗಿ ಮಾಡಿಸಿದ್ದಕ್ಕೆ ನನಗೆ ವ್ಯಾನಿಗೇ 3,600 ರೂಪಾಯಿ ಆಯಿತು. ಐದು ಮನೆಯವರು ಸೇರಿದರೆ ಆ ಖರ್ಚು ಐದು ಪಾಲಾಗುತ್ತದೆ. ಐದು ನಾಯಿ ಒಟ್ಟಿಗೆ ತರುತ್ತೇವೆ ಎಂದರೆ ವೈದ್ಯರೂ ದಿನ ಗೊತ್ತು ಮಾಡಿಕೊಡುವುದು ಸುಲಭ. ನಮ್ಮ ಹೋಬಳಿಯ ಪಶು ಆಸ್ಪತ್ರೆಯಲ್ಲಿ ಹಸುವಿನ ಕೆಲಸಕ್ಕೇ ಕೈ ಸಾಲದು. ಆದ್ದರಿಂದ ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ಇಪ್ಪತ್ತು ಮನೆಯವರು ಸಹಿ ಹಾಕಿ ಒಂದು ಶಿಬಿರ ಮಾಡಿಕೊಡಿ ಎಂದು ಬರೆದು ಕೊಡೋಣ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿಯೂ ಕೇಳೋಣ. ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಬೀದಿದೀಪ, ಚರಂಡಿಯ ಮಾತಿನ ಜೊತೆಗೆ ಇದನ್ನೂ ಎತ್ತೋಣ. ಹಾಲಿನ ಡೈರಿಯ ಗೋಡೆಗೆ ಒಂದು ಹಾಳೆ ಅಂಟಿಸುತ್ತೇನೆ. ಯಾರ ಮನೆಯಲ್ಲಿ ಎಷ್ಟು ನಾಯಿ, ಹೆಣ್ಣೆಷ್ಟು, ಗಂಡೆಷ್ಟು, ಕೊನೆಯ ಬೆದೆ ಯಾವಾಗ, ಅಷ್ಟು ಬರೆದರೆ ಸಾಕು. ತೋಟದ ಕೆಲಸಕ್ಕೆ ಬರುವವರ ಮನೆಯ ನಾಯಿಗಳನ್ನೂ ಸೇರಿಸಿ ಬರೆಯಿರಿ. ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಹೋಗುವುದು ಅವರಿಗೆ ಸಾಧ್ಯವಿಲ್ಲ. ಆ ಖರ್ಚನ್ನು ತೋಟದ ಯಜಮಾನರಾದ ನಾವು ಹಂಚಿಕೊಳ್ಳಬೇಕು. ಅವರ ನಾಯಿಯೂ ಕಾಯುವುದು ನಮ್ಮ ತೋಟವನ್ನೇ.

ಕೊನೆಯದಾಗಿ ಒಂದು. ಮೊನ್ನೆ ಪರಿಚಯದವರೊಬ್ಬರು ಫೋನು ಮಾಡಿ, "ಒಂದು ಮರಿ ಬೇಕಿತ್ತು, ಗಂಡಾದರೆ ಮಾತ್ರ" ಎಂದರು. ಹೆಣ್ಣು ಮರಿ ಯಾಕೆ ಬೇಡ ಎಂದು ಕೇಳಿದೆ. "ಮರಿ ಹಾಕ್ತದಲ್ಲ, ಅದರ ರಗಳೆ ಯಾರಿಗೆ" ಎಂದರು. ಆಪರೇಷನ್ ಮಾಡಿಸಿದರೆ ಆ ರಗಳೆ ಇಲ್ಲವಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ಲ" ಎಂದರು. ನಮ್ಮ ಸೀಮೆಯಲ್ಲಿ ಹೆಣ್ಣು ಮರಿಗೆ ಮನೆ ಸಿಗದಿರುವುದಕ್ಕೆ ಕಾರಣ ಅದೊಂದೇ. ಅದನ್ನು ತೆಗೆದುಹಾಕುವ ಉಪಾಯ ಇದ್ದೂ ಇಷ್ಟು ವರ್ಷ ನಾವು ಚೀಲ ಕಟ್ಟುತ್ತ ಬಂದೆವು.

ಅಪ್ಪನ ಲೆಕ್ಕದ ಪುಸ್ತಕದ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು. ಅದರಲ್ಲಿ ಬೆಳ್ಳಿಯ ಆರು ಸೂಲು, ಮೂವತ್ತೊಂದು ಮರಿ, ಹತ್ತು ಹೆಣ್ಣು ಮರಿಗಳನ್ನು ನೆನಪಿದ್ದಷ್ಟು ಬರೆದಿಟ್ಟಿದ್ದೇನೆ. ಅದರ ಕೆಳಗೆ ಚಿನ್ನಿಯ 14,600.

ಡೈರಿಯ ಗೋಡೆಯ ಹಾಳೆಯಲ್ಲಿ ನಿಮ್ಮ ಹೆಸರು ಬರೆಯಿರಿ. ದುಡ್ಡು ಹೊಂದಿಸುವುದು ಕಷ್ಟವಾದರೆ ಅದನ್ನೂ ಬರೆಯಿರಿ, ಸೇರಿ ಯೋಚಿಸೋಣ. ನಾಯಿಯನ್ನು ಹಿಡಿದುಕೊಂಡು ಪೇಟೆಯವರೆಗೆ ಬರಲು ಮನೆಯಲ್ಲಿ ಜನ ಇಲ್ಲದಿದ್ದರೆ ನನಗೆ ಹೇಳಿ. ಜೀಪಿನ ಹಿಂದಿನ ಸೀಟಿನಲ್ಲಿ ನಾನು ಕೂರುತ್ತೇನೆ. ಸಂಜೆ ಅದನ್ನು ನಿಮ್ಮ ಅಂಗಳಕ್ಕೇ ವಾಪಸು ತಂದು ಬಿಡುತ್ತೇನೆ.

ಇತಿ,
ನಿಮ್ಮ ಪಕ್ಕದೂರಿನ ತೋಟದ ಮನೆಯವಳು